ಬೀಜದ ಜೋಳ ಬೀಸಬ್ಯಾಡ್ರಿ



ಹೋದ ಸಂಚಿಕೆಯಲ್ಲಿ ಮಾದಲಿಯ ಬಗ್ಗೆ ಬರೆದಿದ್ದೆನಲ್ಲ, ಅದಕ್ಕೆ ಬಂದ ಪತ್ರಗಳ ನಡುವೆ ಮಾದಲಿಯ ಸುದ್ದಿಯೇ ಇಲ್ಲದ ಒಂದು ಪತ್ರ ಇತ್ತು. ಬರೆದವರು ಕುಷ್ಟಗಿಯ ಒಬ್ಬ ಸೋದರಿ. ಮನೆಯಲ್ಲೇ ಹೊಲಿಗೆ ಮಾಡುತ್ತಾರಂತೆ. "ಅಕ್ಕಾ, ನಮ್ಮಲ್ಲಿ ಹನ್ನೆರಡು ವರ್ಷದ ಹಳೆಯ ಕಂಪ್ಯೂಟರ್ ಇದೆ. ಹಚ್ಚಿಟ್ಟು ಚಹಾ ಕುದಿಸಿ ಕುಡಿದು ಬಂದರೂ ತೆರೆದಿರುವುದಿಲ್ಲ. ಅಂಗಡಿಯವರು ಫಾರ್ಮ್ಯಾಟ್ ಹೊಡೆದುಬಿಡೋಣ ಎನ್ನುತ್ತಾರೆ. ಹೊಡೆಸಲೋ ಬೇಡವೋ? ಗಿರಾಕಿಗಳ ಅಳತೆ, ಬಾಕಿ ಲೆಕ್ಕ ಎಲ್ಲಾ ಅದರಲ್ಲೇ ಇದೆ. ಮನೆಯಲ್ಲಿ ಕೇಳಿದರೆ, ಅದರಾಗ ಏನೈತಿ ಮಹಾ, ಅನ್ನುತ್ತಾರೆ" ಎಂದು ಕೇಳಿದ್ದಾರೆ.

ತಂಗೀ, ಸ್ವಲ್ಪ ತಡೀರಿ. ಈ ಪತ್ರ ಓದಿ ಮುಗಿಸುವವರೆಗೆ ಆ ಅಂಗಡಿಯ ಕಡೆ ಹೋಗಬೇಡಿ. "ಅದರಾಗ ಏನೈತಿ ಮಹಾ" ಎಂಬ ಮಾತು ನಮ್ಮ ಮನೆಯಲ್ಲೂ ಒಮ್ಮೆ ಆಡಿ ಆಗಿದೆ. ಅದರ ಬೆಲೆ ಏನಾಯಿತೆಂದು ಮೊದಲು ಹೇಳುತ್ತೇನೆ, ಆಮೇಲೆ ಏನು ಮಾಡಬೇಕೆಂದು. ನಾನು ಎಸ್.ಎಸ್.ಎಲ್.ಸಿ. ಓದಿದವಳು, ಕಂಪ್ಯೂಟರಿನ ಪಂಡಿತೆಯಲ್ಲ. ಸುಟ್ಟುಕೊಂಡ ಕೈಗೆ ಒಲೆಯ ಗುರುತು ಇರುತ್ತದಲ್ಲ, ಅಷ್ಟೇ ನನ್ನ ವಿದ್ಯೆ.

ನಮ್ಮ ಕಂಪ್ಯೂಟರ್ ಕೊಪ್ಪಳದ ಮನೆಗೆ ಬಂದದ್ದು 2012ರಲ್ಲಿ, ದೊಡ್ಡ ಮಗಳ ಓದಿಗೆಂದು. ಒಳಗೆ ವಿಂಡೋಸ್ 7. ಪಡಸಾಲೆಯ ಮೂಲೆಯಲ್ಲಿ ಇಟ್ಟು, ಧೂಳು ಕೂಡದಂತೆ ನಾನೇ ಒಂದು ಗವಸು ಹೊಲಿದು ಹಾಕಿದ್ದೆ. 2015ರ ಶ್ರಾವಣದಲ್ಲಿ ನಮ್ಮವ್ವ ಯಲಬುರ್ಗಾ ಕಡೆಯ ನನ್ನ ತವರೂರಿನಿಂದ ಬಂದು ಒಂದು ತಿಂಗಳು ನಮ್ಮಲ್ಲಿದ್ದಳು. ಅವ್ವನಿಗೆ ಬೀಸುವ ಪದ ಬಹಳ ಬರುತ್ತಿದ್ದವು. ಮನೆಯಲ್ಲಿ ಬೀಸುವ ಕಲ್ಲು ಇಲ್ಲದಿದ್ದರೂ ಮಧ್ಯಾಹ್ನ ಕೂತು ಸೊಪ್ಪು ಸೋಸುವಾಗ ತಾನಾಗಿ ಹಾಡಿಕೊಳ್ಳುತ್ತಿದ್ದಳು. ಮಗಳು ತನ್ನ ಫೋನಿನಲ್ಲಿ ಹನ್ನೆರಡು ಪದ ಹಿಡಿದಳು. ಫೋನಿನಲ್ಲಿ ಜಾಗ ಸಾಲದೆ ಕಂಪ್ಯೂಟರಿಗೆ ಹಾಕಿ, ಫೋನಿನಿಂದ ಅಳಿಸಿದಳು. ಮರುವರ್ಷ ಅವ್ವ ತೀರಿಕೊಂಡಳು.

2017ರಲ್ಲಿ ಒಂದು ದಿನ ಕಂಪ್ಯೂಟರ್ ಕಪ್ಪು ಪರದೆಯ ಮೇಲೆ ಎರಡು ಸಾಲು ಇಂಗ್ಲಿಷ್ ಬರೆದು ನಿಂತುಬಿಟ್ಟಿತು. ನಮ್ಮ ಮನೆಯವರು ಗಾಡಿಯ ಮೇಲಿಟ್ಟುಕೊಂಡು ಅಂಗಡಿಗೆ ಒಯ್ದರು. ಅಂಗಡಿಯ ಹುಡುಗ ಕೇಳಲಿಲ್ಲ ಅಂತಲ್ಲ, ಕೇಳಿದ. "ಒಳಗ ಏನರ ಬೇಕಾಗಿದ್ದು ಐತೇನ್ರಿ ಸರ?" ಎಂದ. ಇವರು "ಏನಿಲ್ಲಪ, ಹುಡುಗಿ ಓದಿನ ಸಾಮಾನು, ಅದೂ ಮುಗದೈತಿ. ಹೊಡಿ" ಎಂದರು. ಅವರು ಸುಳ್ಳು ಹೇಳಲಿಲ್ಲ, ಪಾಪ, ಅವರಿಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದ ನಾನು ಮನೆಯಲ್ಲಿ ರೊಟ್ಟಿ ಬಡಿಯುತ್ತ ಕೂತಿದ್ದೆ. ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಎದ್ದು ಹೇಳಲಿಲ್ಲ. ಅಂಗಡಿಗೆ ಒಯ್ಯುವುದೆಂದರೆ ರಿಪೇರಿ ಎಂದುಕೊಂಡಿದ್ದೆ, ಮಿಕ್ಸರ್ ಒಯ್ದ ಹಾಗೆ.

ಎರಡು ದಿನಕ್ಕೆ ಹೊಸ ಮದುಮಗಳ ಹಾಗೆ ಮರಳಿ ಬಂತು. ನಾಲ್ಕು ತಿಂಗಳು ಖುಷಿಯಿಂದ ಬಳಸಿದೆವು. ಅವ್ವನ ವರ್ಷಾಬ್ದಿಯ ದಿನ ಪದ ಕೇಳೋಣವೆಂದು ಹುಡುಕಿದರೆ ಆ ಫೋಲ್ಡರೇ ಇಲ್ಲ!

ಇಲ್ಲಿ ಒಂದು ಮಾತು ನೆನಪಿಡಿ. ಫಾರ್ಮ್ಯಾಟ್ ಹೊಡೆದ ಕೂಡಲೇ ಎಲ್ಲವೂ ಅಳಿದುಹೋಗುವುದಿಲ್ಲವಂತೆ. ಸಾಮಾನ್ಯವಾಗಿ ಹೊಡೆಯುವ ಬೇಗನೆಯ ಫಾರ್ಮ್ಯಾಟಿನಲ್ಲಿ, ಯಾವ ಕಡತ ಎಲ್ಲಿದೆ ಎಂಬ ಪಟ್ಟಿ ಮಾತ್ರ ಹೋಗುತ್ತದೆ. ಕಡತ ತಾನಿದ್ದಲ್ಲೇ ಇದ್ದು, ಅದರ ಮೇಲೆ ಹೊಸತನ್ನು ಬರೆದಾಗ ಅಳಿಯುತ್ತದೆ. ಅದೇ ದಿನ ಗೊತ್ತಾಗಿ ಕಂಪ್ಯೂಟರ್ ಬಂದ್ ಮಾಡಿ ಬಲ್ಲವರ ಕೈಗೆ ಕೊಟ್ಟಿದ್ದರೆ ಸ್ವಲ್ಪ ಸಿಗುತ್ತಿತ್ತೇನೋ. ನಾವು ಅದರ ಮೇಲೆ ಮತ್ತೆ ವಿಂಡೋಸ್ ಹಾಕಿಸಿ, ನಾಲ್ಕು ತಿಂಗಳು ಮದುವೆಯ ವಿಡಿಯೋ, ಸಿನಿಮಾ ತುಂಬಿದ್ದೆವು. ಬರೆದ ರಂಗೋಲಿ ಅಳಿಸಿ ಸಗಣಿ ಸಾರಿಸಿ ಮತ್ತೆ ಮೇಲೆ ರಂಗೋಲಿ ಹಾಕಿದ ಮೇಲೆ ಹಳೆಯ ಚುಕ್ಕಿ ಎಲ್ಲಿ ಹುಡುಕುವುದು?

ಹನ್ನೆರಡರಲ್ಲಿ ಒಂದು ಪದ ಉಳಿಯಿತು. ಅದನ್ನು ಮಗಳು ಕುಷ್ಟಗಿಯಲ್ಲಿರುವ ನನ್ನ ತಂಗಿಯ ಫೋನಿಗೆ ವಾಟ್ಸಾಪಿನಲ್ಲಿ ಕಳಿಸಿದ್ದಳು. ಮೂರು ನಿಮಿಷದ ಪದ. ನಡುವೆ ನಮ್ಮ ಕುಕ್ಕರ್ ಎರಡು ಸೀಟಿ ಹೊಡೆಯುತ್ತದೆ, ಕೊನೆಗೆ ಅವ್ವ "ಸಾಕೇನ?" ಎಂದು ಕೇಳುತ್ತಾಳೆ. ಉಳಿದ ಹನ್ನೊಂದು ನನ್ನ ತಲೆಯಲ್ಲಿ ಅರ್ಧಂಬರ್ಧ ಇವೆ.

ನಮ್ಮ ಕಡೆ ರೈತರ ಮನೆಗಳಲ್ಲಿ ಬೀಜದ ಜೋಳ ತೆಗೆದಿಡುವುದನ್ನು ನೀವು ಕಂಡಿರುತ್ತೀರಿ. ರಾಶಿಯಾದ ಕೂಡಲೇ, ಇನ್ನೂ ಮನೆಯಲ್ಲಿ ಕಾಳು ತುಂಬಿರುವಾಗಲೇ, ಒಳ್ಳೆಯ ತೆನೆ ಆರಿಸಿ ಬೂದಿ, ಬೇವಿನ ಎಲೆ ಬೆರೆಸಿ ಗಡಿಗೆಯಲ್ಲಿ ಕಟ್ಟಿಡುತ್ತಿದ್ದರು. 1972ರ ಬರದಲ್ಲಿ ಕೂಡ ತನ್ನ ಅತ್ತೆ ಆ ಗಡಿಗೆಗೆ ಕೈಹಾಕಲಿಲ್ಲವೆಂದು ಅವ್ವ ಹೇಳುತ್ತಿದ್ದಳು. ಆ ಅವ್ವನ ಮಗಳಾಗಿ ನಾನು ಇದ್ದ ಬೀಜವನ್ನೆಲ್ಲ ಬೀಸಿ ರೊಟ್ಟಿ ಮಾಡಿ ತಿಂದ ಹಾಗಾಯಿತು, ನೋಡ್ರಿ.

ಅಂದಿನಿಂದ ಬುದ್ಧಿ ಬಂತೆಂದುಕೊಂಡೆ. ಫೋಟೋ, ಪತ್ರ, ನಮ್ಮ ಸ್ವಸಹಾಯ ಸಂಘದ ಲೆಕ್ಕ, ಎಲ್ಲವನ್ನೂ ತಿಂಗಳಿಗೊಮ್ಮೆ ಪೆನ್ ಡ್ರೈವಿಗೆ ಹಾಕತೊಡಗಿದೆ. ಹದಿನಾಲ್ಕು ಹೆಣ್ಣುಮಕ್ಕಳ ಉಳಿತಾಯ, ಸಾಲ, ಕಂತು, ತಮಾಷೆಯ ಮಾತಲ್ಲ. 2021ರಲ್ಲಿ ಮತ್ತೆ ವಿಂಡೋಸ್ ಕೆಟ್ಟಿತು. ನಾನು ಹೆದರಲೇ ಇಲ್ಲ. "ಹೊಡೀರಿ ಫಾರ್ಮ್ಯಾಟು, ನನ್ನಂತಲ್ಲಿ ಎಲ್ಲಾ ಐತಿ" ಎಂದೆ. ಕಂಪ್ಯೂಟರ್ ಮರಳಿ ಬಂದ ಮೇಲೆ ಪೆನ್ ಡ್ರೈವ್ ಚುಚ್ಚಿ ಸಂಘದ ಕಡತ ತೆರೆದರೆ ಕನ್ನಡವೇ ಇಲ್ಲ! ಇಂಗ್ಲಿಷ್ ಅಕ್ಷರಕ್ಕೆ ಕೋಡು, ಬಾಲ, ಚುಕ್ಕಿ ಅಂಟಿಸಿದಂಥ ಏನೇನೋ ಚಿಹ್ನೆ ಸಾಲು ಸಾಲಾಗಿ ನಿಂತಿದ್ದವು. ಸಂಘದ ವಾರ್ಷಿಕ ಸಭೆ ಎಂಟು ದಿನ ಇತ್ತು. ನನ್ನ ಎದೆ ಧಸಕ್ಕೆಂದಿತು.

ಕಾರಣ ಆಮೇಲೆ ತಿಳಿಯಿತು. ನಾನು ಬೆರಳಚ್ಚು ಮಾಡುತ್ತಿದ್ದುದು ಹಳೆಯ ನುಡಿಯಲ್ಲಿ. ನುಡಿ ಎಂದರೆ ಕನ್ನಡ ಗಣಕ ಪರಿಷತ್ತಿನವರು ತಯಾರಿಸಿದ ತಂತ್ರಾಂಶ, ನಮ್ಮ ಸರಕಾರಿ ಕಚೇರಿಗಳಲ್ಲೆಲ್ಲ ಅದೇ ನಡೆದು ಬಂದದ್ದು. ಕೆ. ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸದ ಮೇಲೆ ನಿಂತಿರುವುದು. ಅದರ ಹಳೆಯ ಅಕ್ಷರಗಳು ಇಂಗ್ಲಿಷ್ ಅಕ್ಷರದ ಸಂಕೇತಗಳ ಮೇಲೆಯೇ ಕನ್ನಡದ ವೇಷ ಹಾಕಿಕೊಂಡು ಕೂತಿರುತ್ತವೆ. ಆ ಫಾಂಟ್ ಕಂಪ್ಯೂಟರಿನಲ್ಲಿ ಇದ್ದರೆ ಕನ್ನಡ, ಇಲ್ಲದಿದ್ದರೆ ವೇಷ ಕಳಚಿದ ಬಯಲಾಟದ ಪಾತ್ರ! ಯೂನಿಕೋಡಿನಲ್ಲಿ ಬರೆದಿದ್ದರೆ ಈ ತೊಂದರೆ ಇಲ್ಲ. ಅದರಲ್ಲಿ ಕನ್ನಡದ ಅಕ್ಷರಗಳಿಗೆ ತಮ್ಮದೇ ಸ್ವಂತ ಸಂಕೇತ ಇದೆ. ನಿಮ್ಮ ಹಳೆಯ ಕಡತಗಳಿದ್ದರೆ ಯೂನಿಕೋಡಿಗೆ ಬದಲಿಸುವ ಸಾಧನ ಬರಹದಲ್ಲೂ ಇದೆ, ಈಚಿನ ನುಡಿಯಲ್ಲೂ ಇದೆ. ಬದಲಿಸಿದ ಮೇಲೆ ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ.

ಅಂದರೆ ನನ್ನ ಕಾಳು ಉಳಿದಿತ್ತು, ಅಡುಗೆಮನೆ ಹೋಗಿತ್ತು. ನುಡಿ ಮತ್ತೆ ಹಾಕಬೇಕು, ಪ್ರಿಂಟರಿನ ಸಿ.ಡಿ. ಎಲ್ಲೋ ಕಳೆದುಹೋಗಿದೆ, ಮಗಳು ಹೊಂದಿಸಿಟ್ಟ ಲೆಕ್ಕದ ತಂತ್ರಾಂಶ ಇಲ್ಲ. ಎಲ್ಲ ಒಂದೊಂದಾಗಿ ಹಾಕುವುದರಲ್ಲಿ ಎಂಟು ದಿನ ಕಳೆದು ಸಭೆಗೆ ಕೈಬರಹದ ಹಾಳೆ ಒಯ್ದೆ.

ಆಗ ಗಂಗಾವತಿಯಲ್ಲಿ ಕಂಪ್ಯೂಟರ್ ಕಲಿಸುವ ನನ್ನ ತಮ್ಮ ಬಂದು ನಕ್ಕ. "ಅಕ್ಕಾ, ನೀ ಬರೇ ಸಾಮಾನು ಕಟ್ಟಿಟ್ಟಿ. ಮನಿಗೆ ಮನಿನೇ ಕಟ್ಟಿಡಾಕ ಬರ್ತೈತಿ" ಎಂದ. ಅವನು ತೋರಿಸಿದ್ದನ್ನೇ ಈಗ ನಿಮಗೆ ಹೇಳುತ್ತಿದ್ದೇನೆ.

ಕಂಪ್ಯೂಟರಿನಲ್ಲಿ ನಾವು ಇಟ್ಟದ್ದು ಬೇರೆ, ಅದನ್ನು ನಡೆಸುವ ವಿಂಡೋಸ್ ಬೇರೆ. ಫೋಟೋ, ಲೆಕ್ಕ, ಹಾಡು ಇವು ಡಬ್ಬಿಯಲ್ಲಿನ ಕಾಳುಕಡಿ. ಒಲೆ, ರುಬ್ಬುವ ಕಲ್ಲು, ಯಾವ ಗೂಡಿನಲ್ಲಿ ಯಾವ ಡಬ್ಬಿ ಎಂಬ ವ್ಯವಸ್ಥೆ ವಿಂಡೋಸು. ನುಡಿ, ಪ್ರಿಂಟರ್, ಅಕ್ಷರಗಳ ಫಾಂಟು ಎಲ್ಲ ಆ ವ್ಯವಸ್ಥೆಯ ಒಳಗೆ ಸೇರಿದ್ದು. ಕಾಳಿನ ನಕಲು ತೆಗೆದರೆ ಅದು ಫೈಲ್ ಬ್ಯಾಕಪ್. ಇಡೀ ಅಡುಗೆಮನೆಯನ್ನು ಇದ್ದದ್ದು ಇದ್ದ ಹಾಗೆ ನಕಲು ತೆಗೆದರೆ ಅದಕ್ಕೆ ಸಿಸ್ಟಮ್ ಇಮೇಜ್ ಎನ್ನುತ್ತಾರೆ. ಎರಡೂ ಬೇಕು, ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ.

ಇನ್ನೊಂದು ಹೆಸರು ಕೇಳಿ ಮೋಸ ಹೋಗಬೇಡಿ, ಸಿಸ್ಟಮ್ ರಿಸ್ಟೋರ್. ಅದು ನಿನ್ನೆ ಮೊನ್ನೆ ಹಾಕಿದ ಯಾವುದೋ ತಂತ್ರಾಂಶ ತೊಂದರೆ ಕೊಟ್ಟರೆ ವಿಂಡೋಸನ್ನು ಹಿಂದಿನ ಸ್ಥಿತಿಗೆ ತರುವ ಉಪಾಯ, ಒಳ್ಳೆಯದೇ. ಆದರೆ ಅದು ಇರುವುದು ಅದೇ ಹಾರ್ಡ್ ಡಿಸ್ಕಿನಲ್ಲಿ. ಡಿಸ್ಕೇ ಸತ್ತರೆ ಅದೂ ಅದರ ಜೊತೆಗೇ. ಅಳಿಸಿದ ಫೋಟೋ ತರಲಿಕ್ಕೂ ಅದು ಬರುವುದಿಲ್ಲ.

ಬೇಕಾದದ್ದು ಏನೇನು? ಹೊರಗಿನಿಂದ ಚುಚ್ಚುವ ಹಾರ್ಡ್ ಡಿಸ್ಕ್ ಒಂದು, ಬರೆಯಬಲ್ಲ ಖಾಲಿ ಡಿ.ವಿ.ಡಿ. ಒಂದು. ವಿಂಡೋಸ್ 7ರ ಇಮೇಜನ್ನು ಪೆನ್ ಡ್ರೈವಿಗೆ ಹಾಕಹೋದರೆ ಅದು ಒಪ್ಪುವುದಿಲ್ಲ. ಹೊಸ ಡಿಸ್ಕ್ ಎನ್.ಟಿ.ಎಫ್.ಎಸ್. ಎಂಬ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಬೇಕು, ಕೊಳ್ಳುವಾಗಲೇ ಅಂಗಡಿಯಲ್ಲಿ ಕೇಳಿ. ನಮ್ಮ ಸಿ ಡ್ರೈವಿನಲ್ಲಿ ತುಂಬಿದ್ದು ಸುಮಾರು 70 ಜಿ.ಬಿ., ಹೆಚ್ಚು ಕಡಿಮೆ ಅಷ್ಟೇ ಜಾಗ ಹಿಡಿಯಿತು. ಖಾಲಿ ಜಾಗದ ನಕಲು ಅದು ತೆಗೆಯುವುದಿಲ್ಲ.

ಕಂಪ್ಯೂಟರ್ ಹಚ್ಚಿ, ಸ್ಟಾರ್ಟ್ ಒತ್ತಿ, ಕಂಟ್ರೋಲ್ ಪ್ಯಾನೆಲ್ ತೆರೆಯಿರಿ. ಅಲ್ಲಿ ಸಿಸ್ಟಮ್ ಆ್ಯಂಡ್ ಸೆಕ್ಯುರಿಟಿ ಎಂಬುದರ ಕೆಳಗೆ ಬ್ಯಾಕಪ್ ಯುವರ್ ಕಂಪ್ಯೂಟರ್ ಎಂದಿರುತ್ತದೆ. ಒತ್ತಿದರೆ ಎಡಗಡೆ ಎರಡು ಸಾಲು ಕಾಣುತ್ತವೆ: ಕ್ರಿಯೇಟ್ ಎ ಸಿಸ್ಟಮ್ ಇಮೇಜ್, ಕ್ರಿಯೇಟ್ ಎ ಸಿಸ್ಟಮ್ ರಿಪೇರ್ ಡಿಸ್ಕ್. ಮೊದಲನೆಯದನ್ನು ಒತ್ತಿ. ಎಲ್ಲಿ ಇಡಬೇಕೆಂದು ಕೇಳುತ್ತದೆ, ಹೊರಗಿನ ಡಿಸ್ಕ್ ತೋರಿಸಿ. ಯಾವ ಡ್ರೈವ್ ಎಂದು ಕೇಳಿದರೆ, ವಿಂಡೋಸ್ ಇರುವ ಸಿ ಡ್ರೈವನ್ನೂ, ಅದು ಶುರುವಾಗಲು ಬೇಕಾದ ಚಿಕ್ಕ ಭಾಗವನ್ನೂ ತಾನೇ ಆರಿಸಿಕೊಂಡಿರುತ್ತದೆ, ಅದನ್ನು ಮುಟ್ಟಬೇಡಿ. ಸ್ಟಾರ್ಟ್ ಬ್ಯಾಕಪ್ ಒತ್ತಿ ಎದ್ದು ಬನ್ನಿ. ನನ್ನ ಮುದಿ ಯಂತ್ರ ಒಂದೂವರೆ ತಾಸು ತೆಗೆದುಕೊಂಡಿತು, ಅಷ್ಟರಲ್ಲಿ ಗುರೆಳ್ಳು ಹುರಿದು ಕುಟ್ಟಿ ಮುಗಿಸಿದ್ದೆ. ನಡುವೆ ಕರೆಂಟ್ ಹೋದರೆ ಆ ನಕಲು ನಂಬಲಿಕ್ಕಿಲ್ಲ, ಮತ್ತೆ ಮೊದಲಿನಿಂದ. ಯು.ಪಿ.ಎಸ್. ಇಲ್ಲದವರು ಕರೆಂಟ್ ತೆಗೆಯುವ ಹೊತ್ತು ನೋಡಿ ಶುರುಮಾಡಿ.

ಮುಗಿದ ಮೇಲೆ ಅದೇ ಕೇಳುತ್ತದೆ, ರಿಪೇರ್ ಡಿಸ್ಕ್ ಬೇಕೇ ಎಂದು. ಬೇಕು ಎನ್ನಿ, ಡಿ.ವಿ.ಡಿ. ಹಾಕಿ. ಈ ಡಿ.ವಿ.ಡಿ.ಯನ್ನು ಸಣ್ಣದೆಂದು ತಿಳಿಯಬೇಡಿ. ವಿಂಡೋಸ್ ಸತ್ತಾಗ ಆ ಕಂಪ್ಯೂಟರನ್ನು ಎಬ್ಬಿಸುವ ಬೀಗದ ಕೈ ಅದೇ. ಡಬ್ಬಿ ಇದ್ದು ಕೈ ಇಲ್ಲದಿದ್ದರೆ ಏನು ಬಂತು? ಪಕ್ಕದ ಮನೆಯವರ ಡಿಸ್ಕ್ ನಡೆಯುತ್ತದೆಂದು ಸುಮ್ಮನಿರಬೇಡಿ. ವಿಂಡೋಸಿನಲ್ಲಿ 32 ಬಿಟ್, 64 ಬಿಟ್ ಎಂದು ಎರಡು ಜಾತಿ ಇವೆ, ಒಂದರದು ಇನ್ನೊಂದಕ್ಕೆ ಆಗುವುದಿಲ್ಲ.

ಹೊರಗಿನ ಡಿಸ್ಕಿನಲ್ಲಿ ವಿಂಡೋಸ್ ಇಮೇಜ್ ಬ್ಯಾಕಪ್ ಎಂಬ ಫೋಲ್ಡರ್ ಆಗಿರುತ್ತದೆ. ಅದರ ಹೆಸರು ಬದಲಿಸಬೇಡಿ, ಅದನ್ನು ಇನ್ನೊಂದು ಫೋಲ್ಡರಿನ ಒಳಗೆ ತೂರಿಸಬೇಡಿ. ನನಗೆ ಎಲ್ಲಕ್ಕೂ ಕನ್ನಡ ಹೆಸರು ಕೊಡುವ ಚಟ, ಅದನ್ನು "ಮನಿ ನಕಲು" ಎಂದು ಮಾಡಿಬಿಟ್ಟಿದ್ದೆ. ತಮ್ಮ ನೋಡಿ ಹಣೆ ಬಡಿದುಕೊಂಡ. ಆ ಹೆಸರು, ಆ ಜಾಗ ಬಿಟ್ಟು ಬೇರೆ ಕಡೆ ಇದ್ದರೆ ಮರಳಿ ಹಾಕುವಾಗ ಕಂಪ್ಯೂಟರಿಗೆ ಅದು ಕಾಣುವುದೇ ಇಲ್ಲ.

ವಿಂಡೋಸ್ 10 ಇದ್ದವರಿಗೂ ಕಂಟ್ರೋಲ್ ಪ್ಯಾನೆಲಿನಲ್ಲಿ ಇದೇ ಸಾಧನ, ಬ್ಯಾಕಪ್ ಆ್ಯಂಡ್ ರಿಸ್ಟೋರ್ ಎಂಬ ಹೆಸರಿನ ಮುಂದೆ ವಿಂಡೋಸ್ 7 ಎಂದೇ ಬರೆದುಕೊಂಡು ಕೂತಿದೆ. ಡಿ.ವಿ.ಡಿ. ಬದಲು 16 ಜಿ.ಬಿ.ಯ ಪೆನ್ ಡ್ರೈವಿನಲ್ಲಿ ರಿಕವರಿ ಡ್ರೈವ್ ಮಾಡಿಕೊಳ್ಳಬಹುದು. ಪೆನ್ ಡ್ರೈವಿನಲ್ಲಿ ಮೊದಲು ಏನಿದ್ದರೂ ಅಳಿದುಹೋಗುತ್ತದೆ, ನೋಡಿಕೊಂಡು ಮಾಡಿ.

ಇಷ್ಟು ಮಾಡಿ ಮೂರು ತಿಂಗಳಿಗೊಮ್ಮೆ ನಕಲು ತೆಗೆಯುತ್ತ ಬಂದೆ. ಮನೆಯಲ್ಲಿ ನಗುತ್ತಿದ್ದರು, "ಮತ್ತ ಉಪ್ಪಿನಕಾಯಿ ಹಾಕಾಕ ಕುಂತಳು" ಎಂದು. 2025ರ ಮೇ ತಿಂಗಳು, ನಮ್ಮ ಕೊಪ್ಪಳದ ಬಿಸಿಲು ಗೊತ್ತಲ್ಲ, ಒಂದು ಮಧ್ಯಾಹ್ನ ಕಂಪ್ಯೂಟರಿನ ಹೊಟ್ಟೆಯೊಳಗಿಂದ ಕಟ್, ಕಟ್ ಎಂದು ಸದ್ದು ಬಂತು. ಹಲ್ಲಿ ಎಂದುಕೊಂಡೆ. ಮರುದಿನ ಹಾರ್ಡ್ ಡಿಸ್ಕ್ ಸತ್ತಿತ್ತು. ಹದಿಮೂರು ವರ್ಷ ತಿರುಗಿದ ತಟ್ಟೆ, ಇನ್ನೆಷ್ಟು ತಿರುಗೀತು! ಆ ಸದ್ದು ನಿಮ್ಮ ಮನೆಯಲ್ಲಿ ಕೇಳಿದರೆ ಹಲ್ಲಿಯ ಶಕುನ ನೋಡುತ್ತ ಕೂಡಬೇಡಿ. ಮುಖ್ಯವಾದ ಕಡತಗಳನ್ನು ಅದೇ ಗಳಿಗೆ ನಕಲು ತೆಗೆದು ಬಂದ್ ಮಾಡಿ.

ಈ ಸಲ ಅಂಗಡಿಗೆ ನಾನೂ ಹೋದೆ. ಹೊಸ ಡಿಸ್ಕ್ ಹಾಕಿಸಬೇಕಿತ್ತು. "ಅಮ್ಮಾರ, ಎಸ್.ಎಸ್.ಡಿ. ಹಾಕ್ಸ್ರಿ, ಗಾಳಿಯಂಗ ಓಡತೈತಿ" ಎಂದು 256 ಜಿ.ಬಿ.ಯದು ಹಾಕಿದರು. ಮನೆಗೆ ತಂದು ರಿಪೇರ್ ಡಿಸ್ಕಿನಿಂದ ಎಬ್ಬಿಸಿ ನಕಲು ಮರಳಿ ಹಾಕಹೋದರೆ, ತಕ್ಕ ಡಿಸ್ಕ್ ಸಿಗಲಿಲ್ಲವೆಂದು ಅದು ಮೊಂಡು ಹಿಡಿಯಿತು. ಎರಡು ಸಲ, ಮೂರು ಸಲ. ನನಗೆ ಅಳುವೇ ಬಂತು. ಇಷ್ಟು ದಿನ ಕಾಪಾಡಿದ ಗಡಿಗೆಯ ಬಾಯಿ ಬಿಚ್ಚಿದಾಗ ಹುಳ ಹಿಡಿದಿತ್ತೇ ಎಂದು ಭಯ. ತಮ್ಮನಿಗೆ ಫೋನ್ ಮಾಡಿದೆ. "ಹಳೇ ಡಿಸ್ಕ್ ಎಷ್ಟರದು?" "500." "ಹೊಸದು?" "256. ಆದ್ರ ಒಳಗ ಇರೋದೇ 70 ಐತಲ್ಲೋ!" ಅವನು ಹೇಳಿದ: ಒಳಗೆ ಎಷ್ಟಾದರೂ ಇರಲಿ, ಹೊಸ ಡಿಸ್ಕ್ ಹಳೆಯದರಷ್ಟು ಅಥವಾ ಅದಕ್ಕಿಂತ ದೊಡ್ಡದಿರಬೇಕು. ಅದು ಹಾಸಿಗೆಯ ಅಳತೆ ನೋಡುತ್ತದೆ, ಮಲಗುವವರನ್ನಲ್ಲ. ಮರುದಿನ ಅದನ್ನು ಮರಳಿಸಿ ಒಂದು ಟಿ.ಬಿ.ಯ ಸಾದಾ ಡಿಸ್ಕ್ ಹಾಕಿಸಿ ತಂದೆ.

ಡಿ.ವಿ.ಡಿ. ಹಾಕಿ ಮತ್ತೆ ಹಚ್ಚಿದೆ. ಯಾವುದಾದರೂ ಕೀಲಿ ಒತ್ತು ಎಂದಿತು, ಒತ್ತಿದೆ. ಹಿಂದೆ ಮಾಡಿಟ್ಟ ಸಿಸ್ಟಮ್ ಇಮೇಜಿನಿಂದ ಮರಳಿ ಹಾಕಬೇಕೇ ಎಂಬ ಸಾಲು ಆರಿಸಿದೆ. ಮಾರ್ಚ್ ತಿಂಗಳ ನಕಲನ್ನು ತಾನೇ ಹುಡುಕಿ ತೋರಿಸಿತು. ಕೊನೆಗೆ, ಡಿಸ್ಕಿನಲ್ಲಿರುವುದೆಲ್ಲ ಹೋಗುತ್ತದೆ, ಸರಿಯೇ ಎಂದು ಕೇಳುತ್ತದೆ. ಹೊಸ ಖಾಲಿ ಡಿಸ್ಕ್ ಆದರೆ ಧೈರ್ಯವಾಗಿ ಹೂಂ ಎನ್ನಿ. ಹಳೆಯ ಡಿಸ್ಕ್ ಆಗಿದ್ದು, ಅದರ ಡಿ ಡ್ರೈವಿನಲ್ಲಿ ನಕಲು ತೆಗೆಯದ ಸಾಮಾನು ಇದ್ದರೆ, ಫಾರ್ಮ್ಯಾಟ್ ಆ್ಯಂಡ್ ರಿಪಾರ್ಟಿಷನ್ ಎಂಬ ಚೌಕಕ್ಕೆ ಗುರುತು ಹಾಕಲೇಬೇಡಿ, ಅದು ಡಿ ಡ್ರೈವನ್ನೂ ಸೇರಿಸಿ ಬಳಿದುಬಿಡುತ್ತದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಪರದೆಯ ಮೇಲೆ ಮಗಳ ಹಳೆಯ ಫೋಟೋ ಬಂತು. ನುಡಿ ತೆರೆಯಿತು. ಸಂಘದ ಲೆಕ್ಕ ಕನ್ನಡದಲ್ಲೇ ಕೂತಿತ್ತು, ಪ್ರಿಂಟರ್ ಗುರುಗುಟ್ಟಿ ಹಾಳೆ ಹೊರಗೆ ಹಾಕಿತು. ಮನೆಯವರು ಏನೂ ಹೇಳದೆ ಚಹಾ ಮಾಡಿಕೊಂಡು ಬಂದರು. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಅದೇ ಎರಡನೆಯ ಸಲ.

ಹಾಗೆಂದು ಎಲ್ಲವೂ ಬರಲಿಲ್ಲ. ಇಮೇಜ್ ಮಾರ್ಚಿನದು, ಮಾರ್ಚಿನ ಮನೆಯೇ ಮರಳಿ ಬಂದದ್ದು. ಏಪ್ರಿಲ್, ಮೇ ಲೆಕ್ಕ ಪೆನ್ ಡ್ರೈವಿನಿಂದ, ಕೊನೆಯ ವಾರದ್ದು ಚೀಟಿಗಳಿಂದ ಮತ್ತೆ ತುಂಬಿದೆ. ಕಾಳಿನ ನಕಲು ಬೇರೆಯಾಗಿ ಮೇಲಿಂದ ಮೇಲೆ ತೆಗೆಯಬೇಕು ಎನ್ನುವುದು ಇದಕ್ಕೇ.

ನಕಲನ್ನು ಎಲ್ಲಿ ಇಡುವುದು? ಕಂಪ್ಯೂಟರಿನ ಪಕ್ಕದಲ್ಲೇ ಇಟ್ಟರೆ ಕಳ್ಳ ಬಂದರೆ ಎರಡನ್ನೂ ಒಯ್ಯುತ್ತಾನೆ, ಸಿಡಿಲು ಬಡಿದರೆ ಎರಡೂ ಸುಡುತ್ತವೆ. ಸದಾ ಚುಚ್ಚಿಯೇ ಇಟ್ಟರೆ ಕಂಪ್ಯೂಟರಿಗೆ ಹತ್ತಿದ ವೈರಸ್ ಅದಕ್ಕೂ ಹತ್ತುತ್ತದೆ. ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕರು ಒಂದು ಲೆಕ್ಕ ಹೇಳಿ ಹೆಸರಾಗಿದ್ದಾರೆ: ಪ್ರತಿಗಳು ಮೂರು, ಎರಡು ಬಗೆಯ ಸಾಧನದಲ್ಲಿ, ಒಂದು ಮನೆಯ ಹೊರಗೆ. ಅದು ಅಮೆರಿಕದಿಂದಲೇ ಬರಬೇಕಿತ್ತೇ? ನಮ್ಮ ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಅಶೋಕನ ಶಾಸನ ಇದೆ. ಅದೇ ಮಾತು ಇಲ್ಲೇ ಪಾಲ್ಕಿಗುಂಡಿನ ಮೇಲೂ ಇದೆ, ರಾಯಚೂರು ಕಡೆಯ ಮಸ್ಕಿಯಲ್ಲೂ ಇದೆ. ಪಾಲ್ಕಿಗುಂಡಿನದು ಮಳೆ ಗಾಳಿಗೆ ಬಹಳ ಸವೆದುಹೋಗಿದೆ. ಗವಿಮಠದ್ದು ಉಳಿದಿರುವುದರಿಂದ ಅಲ್ಲಿ ಏನಿತ್ತೆಂದು ಓದುವವರಿಗೆ ತಿಳಿಯುತ್ತದೆ. ಜಾತ್ರೆಗೆ ಹೋದಾಗಲೆಲ್ಲ ಆ ಗುಡ್ಡ ನೋಡುತ್ತೇನೆ, ಈಗ ನೋಡುವ ರೀತಿಯೇ ಬೇರೆಯಾಗಿದೆ. ನನ್ನ ಒಂದು ಡಿಸ್ಕ್ ಮನೆಯ ಟ್ರಂಕಿನಲ್ಲಿದೆ, ಇನ್ನೊಂದು ಕುಷ್ಟಗಿಯಲ್ಲಿ ತಂಗಿಯ ಕಪಾಟಿನಲ್ಲಿ, ಸೀರೆಗಳ ಕೆಳಗೆ. ಹಬ್ಬಕ್ಕೆ ಬಂದು ಹೋಗುವಾಗ ಅದಲು ಬದಲು.

ಇನ್ನೊಂದು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ವಿಂಡೋಸ್ 7ಕ್ಕೆ ಅದನ್ನು ಮಾಡಿದ ಮೈಕ್ರೋಸಾಫ್ಟಿನವರು ರಕ್ಷಣೆಯ ತಿದ್ದುಪಡಿ ಕಳಿಸುವುದನ್ನು 2020ರ ಜನವರಿ 14ಕ್ಕೆ ನಿಲ್ಲಿಸಿದರು. ವಿಂಡೋಸ್ 10ರ ಸಾಮಾನ್ಯ ಅವಧಿಯೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಕಲಿನಿಂದ ಎಷ್ಟು ಸಲ ಎಬ್ಬಿಸಿದರೂ ಹಳೆಯ ಮನೆಯ ಹಳೆಯ ಬಾಗಿಲೇ. ಹಾಗಾಗಿ ನಮ್ಮ ಕಂಪ್ಯೂಟರಿಗೆ ಇಂಟರ್ನೆಟ್ಟಿನ ತಂತಿ ಚುಚ್ಚುವುದಿಲ್ಲ. ಬ್ಯಾಂಕಿನ ಕೆಲಸವಂತೂ ಅದರಲ್ಲಿ ಇಲ್ಲವೇ ಇಲ್ಲ. ಸಂಘದ ಲೆಕ್ಕ, ಕನ್ನಡದ ಬರಹ, ಪ್ರಿಂಟು, ಹಳೆಯ ಫೋಟೋ, ಇಷ್ಟಕ್ಕೆ ಅದು ಧಾರಾಳ ಸಾಕು. ಹೊರಗಿನಿಂದ ಬಂದ ಪೆನ್ ಡ್ರೈವ್‌ಗಳ ವಿಷಯದಲ್ಲಿ ಮಾತ್ರ ಮಡಿ ಮಾಡುತ್ತೇನೆ.

ಈಗ ಕುಷ್ಟಗಿಯ ತಂಗಿಗೆ ಉತ್ತರ. ಫಾರ್ಮ್ಯಾಟ್ ಎಂದರೆ ಶತ್ರುವಲ್ಲರೀ. ನಿಮ್ಮ ಕಂಪ್ಯೂಟರ್ ಈಗ ಇರುವ ಸ್ಥಿತಿಯಲ್ಲೇ ಇಮೇಜ್ ತೆಗೆದಿಟ್ಟರೆ ಮರಳಿ ಹಾಕಿದಾಗಲೂ ಅದೇ ನಿಧಾನದ ಕಂಪ್ಯೂಟರ್ ಬರುತ್ತದೆ. ಕೆಟ್ಟ ಮೊಸರಿನ ಹೆಪ್ಪು ಕಾಯ್ದಿಟ್ಟು ಏನು ಫಲ? ನಾಳೆಯೇ ಅಳತೆ, ಬಾಕಿ ಲೆಕ್ಕ, ಫೋಟೋ ಎಲ್ಲವನ್ನೂ ಹೊರಗಿನ ಡಿಸ್ಕಿಗೆ ಹಾಕಿಕೊಳ್ಳಿ. ಡೆಸ್ಕ್‌ಟಾಪಿನ ಮೇಲೆ ಇರುವುದನ್ನು ಮರೆಯಬೇಡಿ, ಎಲ್ಲರೂ ಮರೆಯುವುದು ಅದನ್ನೇ. ಆ ಡಿಸ್ಕನ್ನು ಬೇರೆ ಯಾರದಾದರೂ ಕಂಪ್ಯೂಟರಿಗೆ ಚುಚ್ಚಿ, ನಾಲ್ಕು ಕಡತ ತೆರೆದು ಕಣ್ಣಾರೆ ನೋಡಿ. ಕಂಪ್ಯೂಟರಿನ ಮೈಮೇಲೆ ವಿಂಡೋಸಿನ ಚೀಟಿ ಅಂಟಿಸಿದ್ದರೆ ಅದರ 25 ಅಕ್ಷರದ ಸಂಖ್ಯೆಯನ್ನು ಅಳಿಯುವ ಮೊದಲು ಪುಸ್ತಕದಲ್ಲಿ ಬರೆದುಕೊಳ್ಳಿ. ಡಿಸ್ಕೇ ಹಳತಾಗಿ ನಿಧಾನವಾಗಿರಬಹುದು, ಅದನ್ನೂ ನೋಡಲು ಹೇಳಿ. ಆಮೇಲೆ ಧಾರಾಳವಾಗಿ ಹೊಡೆಸಿ. ಅಂಗಡಿಗೆ ನೀವೇ ಹೋಗಿ, ಮನೆಯವರನ್ನು ಕಳಿಸಬೇಡಿ.

ಹೊಸ ವಿಂಡೋಸ್ ಬಂದು, ನುಡಿ ಹಾಕಿ, ಪ್ರಿಂಟರ್ ಹೊಂದಿಸಿ, ಎಲ್ಲ ಸರಿಯಾಗಿ ನಡೆಯುತ್ತಿದೆ ಎಂದು ಎರಡು ದಿನ ನೋಡಿ. ಆಗ, ಇನ್ನೂ ಕಸ ಸೇರುವ ಮೊದಲೇ, ಮೊದಲ ಸಿಸ್ಟಮ್ ಇಮೇಜ್ ತೆಗೆಯಿರಿ. ಬೀಜದ ತೆನೆ ಆರಿಸುವ ಹೊತ್ತು ಅದೇ. ರಿಪೇರ್ ಡಿಸ್ಕ್ ಮಾಡಿದ ದಿನವೇ ಅದರಿಂದ ಕಂಪ್ಯೂಟರ್ ಏಳುತ್ತದೆಯೇ ಎಂದು ಒಮ್ಮೆ ಎಬ್ಬಿಸಿ ನೋಡಿ, ಮೊದಲ ಪರದೆ ಬಂದರೆ ಸಾಕು, ಮುಂದೆ ಹೋಗದೆ ಬಂದ್ ಮಾಡಿ. ಹತ್ತಿರ ಯಾರೂ ಬಲ್ಲವರಿಲ್ಲದಿದ್ದರೆ ಮತ್ತೆ ಬರೆಯಿರಿ, ಗಂಗಾವತಿಯ ತಮ್ಮನನ್ನು ಕೇಳಿ ತಿಳಿಸುತ್ತೇನೆ. ಹಾಂ, ಮಾದಲಿ ಮಾಡಿ ನೋಡಿದಿರೋ ಇಲ್ಲವೋ ಅದನ್ನೂ ಬರೆಯಿರಿ.

ಮುಂದಿನ ಸಲ ಗುರೆಳ್ಳು ಚಟ್ನಿ. ಈ ತಿಂಗಳ ನಕಲು ನನ್ನದೇ ಇನ್ನೂ ಆಗಿಲ್ಲ. ಅವ್ವನ ಪದ ಇರುವ ಫೋಲ್ಡರಿಗೆ ಮೊನ್ನೆ ನಾನು ಹಾಡಿ ಹಿಡಿದ ಎರಡು ಅರ್ಧ ಪದಗಳನ್ನೂ ಸೇರಿಸಿದ್ದೇನೆ, ದನಿ ಚೆನ್ನಾಗಿಲ್ಲ, ಇರಲಿ. ಮಧ್ಯಾಹ್ನ ಕರೆಂಟ್ ಇದ್ದರೆ ಇವತ್ತೇ ಹಚ್ಚುತ್ತೇನೆ.